ಕಿವುಡ ಮಕ್ಕಳಿಗೆ ನೆರವಾಗಲು ಹೊರಟ ಟ್ರಸ್ಟ್ ಹಣವನ್ನು ಎಲ್ಲಿ ಹಾಕಬೇಕು?

ಊರಿನ ಹತ್ತು ಮಂದಿ ಸೇರಿ ಸೇವಾ ಟ್ರಸ್ಟ್ ಒಂದನ್ನು ಕಟ್ಟಿಕೊಂಡು, ಕಿವಿ ಕೇಳಿಸದ ಮಕ್ಕಳಿಗೆ ಏನಾದರೂ ಮಾಡೋಣವೆಂದು ಕುಳಿತಾಗ ಎಲ್ಲರ ಬಾಯಲ್ಲೂ ಮೊದಲು ಬರುವುದು ಉಚಿತ ಶ್ರವಣ ಸಾಧನ ವಿತರಣಾ ಶಿಬಿರದ ಮಾತು. ಶಾಮಿಯಾನ, ಶಾಲು, ಭಾಷಣ, ಫೋಟೊ ಎಲ್ಲವೂ ಒಂದೇ ದಿನದಲ್ಲಿ ಮುಗಿಯುವುದರಿಂದ ಅದು ಸುಲಭವೂ ಹೌದು. ಅಂಥದೊಂದು ಶಿಬಿರದಲ್ಲಿ ನಾನೂ ಓಡಾಡಿದ್ದೆ. ಆರು ತಿಂಗಳ ಬಳಿಕ, ಸಾಧನ ಪಡೆದಿದ್ದ ಹುಡುಗಿಯೊಬ್ಬಳ ಮನೆಗೆ ಹೋದಾಗ ಅವಳ ಅಜ್ಜಿ ದೇವರ ಗೂಡಿನಿಂದ ಒಂದು ಡಬ್ಬಿ ತೆಗೆದು, ಬಟ್ಟೆಯಲ್ಲಿ ಸುತ್ತಿಟ್ಟಿದ್ದ ಕಿವಿ ಮಿಷನ್ ತೋರಿಸಿದರು. “ಹಾಳಾಗಬಾರದು ಅಂತ ಜೋಪಾನವಾಗಿ ಇಟ್ಟಿದ್ದೀವಿ ಸಾರ್” ಎಂದರು. ಎರಡನೇ ವಾರಕ್ಕೇ ಬ್ಯಾಟರಿ ತೀರಿತ್ತು. ಬೇರೆಯದು ಎಲ್ಲಿ ಸಿಗುತ್ತದೆಂದು ಆ ಮನೆಯವರಿಗೆ ನಾವು ಯಾರೂ ಹೇಳಿರಲಿಲ್ಲ. ಟ್ರಸ್ಟಿನ ನಿಜವಾದ ಖರ್ಚು ಶುರುವಾಗುವುದು ಶಿಬಿರದ ಮಾರನೆಯ ದಿನದಿಂದ ಎಂಬ ಲೆಕ್ಕದಲ್ಲಿಯೇ ಬಜೆಟ್ ಹಾಕಿಕೊಳ್ಳಬೇಕು.

ಮೊದಲು ಮಕ್ಕಳನ್ನು ಬೇಗ ಗುರುತಿಸಬೇಕು. ಹುಟ್ಟಿದ ಒಂದು ತಿಂಗಳೊಳಗೆ ಪ್ರಾಥಮಿಕ ತಪಾಸಣೆ, ಮೂರು ತಿಂಗಳೊಳಗೆ ದೋಷದ ಖಚಿತ ನಿರ್ಣಯ, ಆರು ತಿಂಗಳೊಳಗೆ ಸಾಧನ ಮತ್ತು ತರಬೇತಿ ಎಂಬುದು ಈ ಕ್ಷೇತ್ರದವರು ಒಪ್ಪಿಕೊಂಡಿರುವ ಗುರಿ. ನಮ್ಮ ಹಳ್ಳಿಗಳಲ್ಲಿ ಮಗುವಿಗೆ ಎರಡು, ಮೂರು ವರ್ಷ ತುಂಬಿದರೂ “ಅವರಪ್ಪನೂ ತಡವಾಗಿಯೇ ಮಾತಾಡಿದ್ದು” ಎನ್ನುತ್ತ ಕಾಯುವುದುಂಟು. ಆಶಾ ಕಾರ್ಯಕರ್ತೆಯರು, ಅಂಗನವಾಡಿ ಶಿಕ್ಷಕಿಯರು ಮತ್ತು ಪಂಚಾಯಿತಿ ಮಟ್ಟದ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಒಂದು ದಿನ ಕೂಡಿಸಿ ಮಾತಾಡಿದರೆ, ಅನುಮಾನವಿರುವ ಮಕ್ಕಳ ಪಟ್ಟಿ ಸಂಜೆಯೊಳಗೆ ಕೈಗೆ ಬರುತ್ತದೆ.

ಆ ಮಕ್ಕಳನ್ನು ಪರೀಕ್ಷೆಗೆ ಕರೆದೊಯ್ಯಲು ಜಿಲ್ಲಾಸ್ಪತ್ರೆ ಇದೆ. ಹೆಚ್ಚಿನ ಪರೀಕ್ಷೆಗೆ ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಿಂದ ಕೆಲಸ ಮಾಡುತ್ತಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಕಿವಿಯ ನರದ ಸ್ಪಂದನೆಯನ್ನು ಅಳೆಯುವ ಬೆರಾ ಪರೀಕ್ಷೆಗೆ ಪುಟ್ಟ ಮಗು ನಿದ್ದೆಯಲ್ಲಿರಬೇಕಾದ್ದರಿಂದ, ಮಗುವನ್ನು ಬಸ್ಸಿನಲ್ಲಿ ಮಲಗಿಸದೆ ಕರೆತರಬೇಕೆಂದು ತಾಯಿಗೆ ಮುಂಚೆಯೇ ಹೇಳಿಡಿ. ಇಲ್ಲವಾದರೆ ದಾರಿಯುದ್ದಕ್ಕೂ ನಿದ್ದೆ ಮುಗಿಸಿದ ಮಗು ಪರೀಕ್ಷಾ ಕೊಠಡಿಯಲ್ಲಿ ಆಡುತ್ತ ಕೂರುತ್ತದೆ, ಒಂದು ದಿನದ ಕೂಲಿ ಬಿಟ್ಟು ಬಂದ ತಾಯಿ ಬರಿಗೈಯಲ್ಲಿ ಮರಳಬೇಕಾಗುತ್ತದೆ.

ಸರ್ಕಾರ ಕೊಡುವುದಕ್ಕೆ ಟ್ರಸ್ಟಿನ ಹಣ ಸುರಿಯಬೇಡಿ. ವಿಕಲಚೇತನರಿಗೆ ಸಾಧನ ಸಲಕರಣೆ ಕೊಡುವ ಕೇಂದ್ರ ಸರ್ಕಾರದ ಅಡಿಪ್ ಯೋಜನೆಯಲ್ಲಿ ಶ್ರವಣ ಸಾಧನ ಸಿಗುತ್ತದೆ. ಹುಟ್ಟುಕಿವುಡು ಮಕ್ಕಳಿಗೆ ಐದು ವರ್ಷದೊಳಗಾದರೆ, ಶಸ್ತ್ರಚಿಕಿತ್ಸೆ ಮಾಡಿ ಒಳಗಿವಿಗೆ ಜೋಡಿಸುವ ಶ್ರವಣ ಯಂತ್ರವಾದ ಕಾಕ್ಲಿಯರ್ ಇಂಪ್ಲಾಂಟ್‌ಗೂ ಅದೇ ಯೋಜನೆಯಲ್ಲಿ ಅವಕಾಶವಿದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ ಪ್ರಕಾರ ಎರಡೂ ಕಿವಿಗಳಲ್ಲಿ 70 ಡೆಸಿಬೆಲ್ ನಷ್ಟವಿದ್ದರೆ ಕಿವುಡು, 60ರಿಂದ 70ರವರೆಗೆ ಇದ್ದರೆ ಮಂದಶ್ರವಣ ಎಂದು ಪರಿಗಣಿಸಲಾಗುತ್ತದೆ. ಶೇಕಡಾ 40 ಅಥವಾ ಹೆಚ್ಚಿನ ವೈಕಲ್ಯದ ಪ್ರಮಾಣಪತ್ರವಿರುವ ಮಗುವಿಗೆ 6ರಿಂದ 18 ವರ್ಷದವರೆಗೆ ಹತ್ತಿರದ ಶಾಲೆಯಲ್ಲಾಗಲಿ, ತಾನು ಆರಿಸಿಕೊಂಡ ವಿಶೇಷ ಶಾಲೆಯಲ್ಲಾಗಲಿ ಉಚಿತವಾಗಿ ಕಲಿಯುವ ಹಕ್ಕಿದೆ. ಆ ಪ್ರಮಾಣಪತ್ರಕ್ಕೂ ವಿಕಲಚೇತನರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿಗೂ ಅರ್ಜಿ ತುಂಬಿ, ತಂದೆತಾಯಿಯ ಜೊತೆ ಆಸ್ಪತ್ರೆಯ ಸಾಲಿನಲ್ಲಿ ನಿಲ್ಲುವ ಒಬ್ಬ ಕಾರ್ಯಕರ್ತ, ನನ್ನ ಮಟ್ಟಿಗೆ, ಹತ್ತು ದಾನಿಗಳಿಗೆ ಸಮ.

ಟ್ರಸ್ಟಿನ ಹಣ ಹೋಗಬೇಕಾದ್ದು ಯೋಜನೆಗಳ ಕಣ್ಣಿಗೆ ಸುಲಭವಾಗಿ ಬೀಳದ ಸಣ್ಣ ಖರ್ಚುಗಳಿಗೆ. ದಿನವಿಡೀ ಹಾಕಿಕೊಂಡರೆ ಬ್ಯಾಟರಿ ಒಂದೆರಡು ವಾರ ಬರುತ್ತದೆ; ನೀಲಿ ಸ್ಟಿಕ್ಕರಿನ 675 ಮತ್ತು ಕಿತ್ತಳೆ ಸ್ಟಿಕ್ಕರಿನ 13 ಎಂಬ ಎರಡು ಅಳತೆಗಳನ್ನು ತಾಲ್ಲೂಕಿನ ಒಂದು ಔಷಧಿ ಅಂಗಡಿಯಲ್ಲಿ ಸದಾ ಇರುವಂತೆ ಮಾತಾಡಿಕೊಳ್ಳಿ. ಸ್ಟಿಕ್ಕರ್ ಕಿತ್ತ ಮೇಲೆ ಗಾಳಿಯಾಡಲು ಒಂದು ನಿಮಿಷ ಬಿಟ್ಟು ಹಾಕಬೇಕೆಂಬುದನ್ನು ಮನೆಯವರಿಗೆ ಮಾಡಿ ತೋರಿಸಿ. ಮಗು ಬೆಳೆದಂತೆ ಕಿವಿಯೂ ಬೆಳೆಯುವುದರಿಂದ, ಅದರ ಅಳತೆಗೆ ಮಾಡಿಸಿ ಕಿವಿಯೊಳಗೆ ಕೂರಿಸುವ ಸಾಧನದ ಅಚ್ಚು ಸಡಿಲವಾಗಿ ಕುಂಯ್ ಎಂಬ ಸದ್ದು ಬರುತ್ತದೆ. ಆಗ ಯಂತ್ರ ಕೆಟ್ಟಿತೆಂದು ಮೂಲೆಗಿಡದೆ ಹೊಸ ಅಚ್ಚು ಮಾಡಿಸಬೇಕು. ಪ್ರತಿದಿನ ಬೆಳಿಗ್ಗೆ ತಾಯಿ ಬಾಯಿಗೆ ಕಾಗದ ಅಡ್ಡ ಹಿಡಿದು ಆ, ಊ, ಈ, ಮ್, ಶ್, ಸ್ ಎಂಬ ಆರು ಧ್ವನಿಗಳನ್ನು ಒಂದೊಂದಾಗಿ ನುಡಿಯಬೇಕು. ಕೇಳಿದಾಗಲೆಲ್ಲ ಮಗು ಡಬ್ಬಿಗೆ ಒಂದು ಮಣಿ ಹಾಕಲಿ. ನಿನ್ನೆ ‘ಸ್’ ಕೇಳಿಸಿಕೊಂಡ ಮಗು ಇಂದು ಸುಮ್ಮನೆ ಕೂತರೆ ಬ್ಯಾಟರಿಯನ್ನೋ ಅಚ್ಚಿನ ಗುಗ್ಗೆಯನ್ನೋ ನೋಡಬೇಕು. ಅವೆರಡೂ ಸರಿಯಿದ್ದರೆ ಕಿವಿಯನ್ನೇ ತೋರಿಸಬೇಕು.

ಇನ್ನೊಂದು ದೊಡ್ಡ ಖರ್ಚು ತಾಯಿಯದು. ಮೈಸೂರಿನ ಆ ಸಂಸ್ಥೆಯಲ್ಲಿ ತಾಯಿ ಮಗುವಿನೊಡನೆ ತರಗತಿಯಲ್ಲೇ ಕುಳಿತು ಕಲಿಯುವ ವ್ಯವಸ್ಥೆಯಿದೆ. ಅದಕ್ಕಾಗಿ ಊರು ಬಿಟ್ಟು ಬರುವ ಹೆಂಗಸಿಗೆ ಕೋಣೆಯ ಬಾಡಿಗೆ ಕೊಟ್ಟರೆ, ಅದು ಮಗುವಿಗೆ ಕೊಟ್ಟ ಶಿಕ್ಷಣವೇ ಸರಿ.

ಸಾಧನದಿಂದ ಎಲ್ಲ ಮಕ್ಕಳಿಗೂ ಮಾತು ಬಂದೇ ಬರುತ್ತದೆಂದು ಯಾರಿಗೂ ಭರವಸೆ ಕೊಡಬೇಡಿ. ಸಂಜ್ಞಾ ಭಾಷೆ ಕಲಿತರೆ ಮಗು ಮಾತೇ ಆಡುವುದಿಲ್ಲವೆಂಬ ಹೆದರಿಕೆ ಪೋಷಕರಲ್ಲಿ ಇನ್ನೂ ಇದೆ; ವಾಸ್ತವದಲ್ಲಿ ಯಾವ ಭಾಷೆಯೂ ಇಲ್ಲದೆ ಕಳೆದುಹೋಗುವ ಎಳೆಯ ವರ್ಷಗಳೇ ಹೆಚ್ಚು ನಷ್ಟ. ಸಂಜ್ಞಾ ಭಾಷೆ ಬಲ್ಲ ಕಿವುಡ ಹಿರಿಯರೊಬ್ಬರನ್ನು ಸಂಬಳ ಕೊಟ್ಟು ನೇಮಿಸಿ, ವಾರಕ್ಕೆರಡು ಸಂಜೆ ಅಪ್ಪ, ಅಮ್ಮ, ಅಜ್ಜಿಯರಿಗೂ ಪಾಠ ಹೇಳಿಸಿ. 2015ರಲ್ಲಿ ದೆಹಲಿಯಲ್ಲಿ ಆರಂಭವಾದ ಭಾರತೀಯ ಸಂಜ್ಞಾ ಭಾಷಾ ಸಂಶೋಧನೆ ಮತ್ತು ತರಬೇತಿ ಕೇಂದ್ರದ ನಿಘಂಟಿನ ವಿಡಿಯೊಗಳು ಅಂತರ್ಜಾಲದಲ್ಲಿ ಉಚಿತವಾಗಿವೆ.

ಮಕ್ಕಳನ್ನು ವಸತಿ ಶಾಲೆಗೆ ಸೇರಿಸುವ ಮುನ್ನ ರಾತ್ರಿ ಪಾಳಿಯ ಸಿಬ್ಬಂದಿಗೆ ಸಂಜ್ಞೆ ಬರುತ್ತದೆಯೇ ಎಂದು ಕೇಳಿ. ತನಗಾದ ಕೆಡುಕನ್ನು ಹೇಳಿಕೊಳ್ಳಲು ಬೇಕಾದ ಸಂಜ್ಞೆಗಳನ್ನು ಮಗುವಿಗೆ ಮೊದಲೇ ಕಲಿಸಿಡಿ. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ 2012ರ ಪೋಕ್ಸೊ ಕಾಯ್ದೆಯಡಿ ಅಂಥ ಮಗುವಿನ ಹೇಳಿಕೆ ಪಡೆಯುವಾಗ ಅದರ ಸಂವಹನ ಬಲ್ಲವರ ನೆರವು ಪಡೆಯಲು ಅವಕಾಶವಿರುವುದರಿಂದ, ಜಿಲ್ಲೆಯಲ್ಲಿರುವ ಸಂಜ್ಞಾ ಭಾಷಾ ದುಭಾಷಿಗಳ ದೂರವಾಣಿ ಸಂಖ್ಯೆಗಳನ್ನು ಟ್ರಸ್ಟಿನ ಕಚೇರಿಯ ಗೋಡೆಯ ಮೇಲೆ ಬರೆದಿಡಿ.