ಹಂಡೆಯ ಬಿಸಿನೀರು, ಶನಿವಾರದ ಎಣ್ಣೆಸ್ನಾನ

ನಮ್ಮ ಬಚ್ಚಲುಮನೆಯ ತಾಮ್ರದ ಹಂಡೆಯನ್ನು ಮತ್ತೆ ಒಲೆಯ ಮೇಲೆ ಕೂರಿಸಿ ಆರು ವರ್ಷಗಳಾದವು. ಬೆಂಗಳೂರಿನಲ್ಲಿ 28 ವರ್ಷ ಉದ್ಯೋಗ ಮಾಡಿ ಸಾಗರ ತಾಲ್ಲೂಕಿನ ನಮ್ಮ ಊರಿಗೆ ನಾನು ಮರಳಿದಾಗ ಆ ಹಂಡೆ ಅಟ್ಟದ ಮೇಲೆ ಬೋರಲಾಗಿ ಮಲಗಿತ್ತು, ಒಲೆಯಿದ್ದ ಜಾಗದಲ್ಲಿ ಬಟ್ಟೆ ಒಗೆಯುವ ಯಂತ್ರ ನಿಂತಿತ್ತು. ಬೆಂಗಳೂರಿನ ಅಷ್ಟೂ ವರ್ಷ ನಾನು 15 ಲೀಟರಿನ ಗೀಸರ್‌ನ ನೀರಿನಲ್ಲಿ ಸ್ನಾನ ಮಾಡಿದವನು. ಮೈಗೆ ಬಿಸಿ ಹಿಡಿಯುವಷ್ಟರಲ್ಲಿ ನೀರು ತಣ್ಣಗಾಗುತ್ತಿದ್ದ ಆ ಸ್ನಾನ ಮೈ ತೊಳೆಯುವ ಕೆಲಸವಾಗಿತ್ತೇ ಹೊರತು ಅದರಲ್ಲಿ ಸುಖವಿತ್ತು ಎಂದು ನನಗೆ ಎಂದೂ ಅನ್ನಿಸಿರಲಿಲ್ಲ. ಊರಿಗೆ ಬಂದ ಮೊದಲ ಮಳೆಗಾಲದಲ್ಲಿ, ಮೂರು ದಿನ ಬಿಡದೆ ಸುರಿದ ಜಡಿಮಳೆಯ ನಡುವೆ, ಅಪ್ಪಯ್ಯ ಒಂದು ಸಂಜೆ ಜಗಲಿಯಲ್ಲಿ ಕೈ ಉಜ್ಜಿಕೊಳ್ಳುತ್ತಾ, “ಹಂಡೆ ನೀರು ಇದ್ದಿದ್ದರೆ ಈ ಚಳಿ ಏನೂ ಅಲ್ಲ ಮಾಣಿ” ಎಂದರು. ಅವರಿಗೆ ಆಗ 84 ವರ್ಷ. ಅವರು ಏನನ್ನಾದರೂ ಬೇಕೆಂದು ಕೇಳುವುದು ಬಹಳ ಅಪರೂಪವಾದ್ದರಿಂದ ಆ ಮಾತನ್ನು ನಾನು ಹಾಗೆಯೇ ಬಿಡಲಿಲ್ಲ.

ಹಂಡೆಯನ್ನು ಇಳಿಸಿ ನೋಡಿದರೆ ಹೊಟ್ಟೆಯ ಬೆಸುಗೆಯಲ್ಲಿ ಒಂದು ಕಡೆ ನೀರು ಜಿನುಗುತ್ತಿತ್ತು. ಪೇಟೆಯಲ್ಲಿ ಹಳೆಯ ಪಾತ್ರೆಗಳನ್ನು ಸರಿಮಾಡುವವರೊಬ್ಬರು ಅದನ್ನು ಬೆಸೆದುಕೊಡುವಾಗ ಹೇಳಿದ ಎಚ್ಚರಿಕೆಯನ್ನು ನಾನು ಇಂದಿಗೂ ಪಾಲಿಸುತ್ತಿದ್ದೇನೆ: ಹಂಡೆಯಲ್ಲಿ ಅರ್ಧಕ್ಕಿಂತ ಕಡಿಮೆ ನೀರಿರುವಾಗ ಉರಿ ಹಾಕಬಾರದು, ಬರಿದಾದ ಹಂಡೆಯ ಕೆಳಗೆ ಕೆಂಡವನ್ನೂ ಬಿಡಬಾರದು. ಹಸಿರು ಕಟ್ಟಿದ್ದ ಒಳಮೈಯನ್ನು ಹುಣಸೆಹಣ್ಣು ಮತ್ತು ಉಪ್ಪಿನಿಂದ ತಿಕ್ಕಿದೆವು. ಹುಣಸೆಯ ಹುಳಿಗೆ ತಾಮ್ರದ ಕಿಲುಬು ಕರಗಿ, ಒಂದು ಗಂಟೆಯ ಹೊತ್ತಿಗೆ ಹಂಡೆಯ ಒಳಗೆಲ್ಲ ಕೆಂಪು ಹೊಳಪು ಬಂದಿತು. ಸ್ಟೀಲಿನ ದೊಡ್ಡ ಪಾತ್ರೆಯನ್ನೇ ಇಟ್ಟರೆ ಸಾಲದೇ ಎಂದು ಆಗ ಕೆಲವರು ಕೇಳಿದ್ದರು. ಸ್ಟೇನ್‌ಲೆಸ್ ಸ್ಟೀಲಿಗೆ ಹೋಲಿಸಿದರೆ ತಾಮ್ರ ಸುಮಾರು 25 ಪಟ್ಟು ಚೆನ್ನಾಗಿ ಶಾಖವನ್ನು ಹರಿಸುತ್ತದೆ, ಆದ್ದರಿಂದ ತಳದಲ್ಲಿ ತಾಗಿದ ಉರಿಯ ಬಿಸಿ ಹಂಡೆಯ ಮೈಯಲ್ಲೆಲ್ಲ ಬೇಗ ಹರಡುತ್ತದೆ. ಇದಕ್ಕಿಂತ ಮಿಗಿಲಾಗಿ, ನನ್ನ ಅಜ್ಜಿ ನನ್ನನ್ನು ಮೀಯಿಸಿದ ಹಂಡೆ ಅದು.

ಒಲೆಯ ವಿಷಯದಲ್ಲಿ ಮಾತ್ರ ನಾನು ಮೊದಲಿಗೆ ಎಡವಿದೆ. ಹಳೆಯ ಕಾಲದ ಒಲೆಯಂತೆಯೇ ಇರಲಿ ಎಂದು ಮೂರು ಕಡೆ ಗೋಡೆ, ಒಂದು ಕಡೆ ಬಾಯಿ ಇಟ್ಟು ಮಣ್ಣಿನಲ್ಲಿ ಕಟ್ಟಿಸಿದೆ, ಹೊಗೆಕೊಳವೆ ಇಡಲಿಲ್ಲ. ಮೊದಲ ದಿನವೇ ಬಚ್ಚಲುಮನೆಯ ತುಂಬ ಹೊಗೆ ಕಟ್ಟಿಕೊಂಡು ಅಮ್ಮ ಕೆಮ್ಮುತ್ತಾ ಹೊರಗೆ ಬಂದರು. ಬಾಲ್ಯದಲ್ಲಿ ನೋಡಿದ ಅದೇ ಕೆಮ್ಮು, ಅದೇ ಕೆಂಪಾದ ಕಣ್ಣುಗಳು. ನನ್ನ ನೆನಪಿನಲ್ಲಿ ಹಂಡೆ ನೀರಿನ ಸುಖ ಮಾತ್ರ ಉಳಿದಿತ್ತು, ಅದನ್ನು ಕಾಯಿಸಿದ ಹೆಂಗಸರು ಕುಡಿದ ಹೊಗೆ ಮರೆತುಹೋಗಿತ್ತು. ಮರುದಿನವೇ ಒಲೆಯನ್ನು ಒಡೆಸಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಅಮೂಲ್ಯ ರೆಡ್ಡಿಯವರ ಮುಂದಾಳತ್ವದಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರದವರು ರೂಪಿಸಿದ ಹೊಗೆರಹಿತ ಒಲೆ ಮಲೆನಾಡಿನ ಅನೇಕ ಮನೆಗಳಿಗೆ ಪರಿಚಿತವಾದದ್ದು. ನೆಂಟರ ಮನೆಯೊಂದರಲ್ಲಿ ಅದೇ ತತ್ತ್ವದ ಬಚ್ಚಲೊಲೆಯನ್ನು ನೋಡಿಬಂದು ನಮ್ಮದನ್ನೂ ಹಾಗೆಯೇ ಕಟ್ಟಿಸಿದೆ. ಸೌದೆಯನ್ನು ನೆಲಕ್ಕೆ ತಾಗಿಸದೆ ಕಬ್ಬಿಣದ ಜಾಲರಿಯ ಮೇಲಿಟ್ಟರೆ ಕೆಳಗಿನಿಂದ ಗಾಳಿ ಬಂದು ಉರಿ ಪೂರ್ಣವಾಗುತ್ತದೆ, ಹಂಡೆಯ ಸುತ್ತ ಸಂದಿಯಿಲ್ಲದಂತೆ ಮಣ್ಣು ಮೆತ್ತಿದರೆ ಬಿಸಿ ವ್ಯರ್ಥವಾಗುವುದಿಲ್ಲ, ಹಿಂಬದಿಯಿಂದ ಸೂರಿನ ಮೇಲಕ್ಕೆ ಹೋಗುವ ಕೊಳವೆ ಹೊಗೆಯನ್ನು ಎಳೆದುಕೊಳ್ಳುತ್ತದೆ. ಈಗ ಒಲೆಯ ಮುಂದೆ ಕುಳಿತು ಪುಸ್ತಕವನ್ನೂ ಓದಬಹುದು.

ಉರಿ ಹಾಕುವುದು ನನ್ನ ಪಾಲಿನ ಕೆಲಸ, ಅದನ್ನು ಯಾರಿಗೂ ಬಿಟ್ಟುಕೊಡಲು ನನಗೆ ಮನಸ್ಸಿಲ್ಲ. ಇದಕ್ಕೆಂದು ನಾವು ಮರ ಕಡಿಯುವುದಿಲ್ಲ, ತೋಟದಲ್ಲಿ ಬೀಳುವುದೇ ಸಾಕಾಗುತ್ತದೆ. ಒಣಗಿದ ಅಡಿಕೆ ಸೋಗೆ ಕಿಡಿ ತಾಗಿದ ಕೂಡಲೆ ಹೊತ್ತಿಕೊಳ್ಳುತ್ತದೆ, ಅದರ ಮೇಲೆ ತೆಂಗಿನ ಗರಿ, ಆಮೇಲೆ ಕರಟ, ಕೊನೆಗೆ ಗಾಳಿಗೆ ಬಿದ್ದ ಮರದ ಒಂದು ದಪ್ಪ ಕುಂಟೆ. ಹಂಡೆ ಹಿಡಿಯುವುದು 80 ಲೀಟರ್. 60 ಲೀಟರ್ ನೀರನ್ನು 25 ಡಿಗ್ರಿಯಿಂದ 70 ಡಿಗ್ರಿಗೆ ಏರಿಸಲು ಸುಮಾರು 3 ಯೂನಿಟ್ ವಿದ್ಯುತ್ತಿನಷ್ಟು ಶಾಖ ಬೇಕು, ನಮ್ಮ ಮನೆಯಲ್ಲಿ ಅಷ್ಟನ್ನೂ ತೋಟದ ಕಸವೇ ಕೊಡುತ್ತದೆ. ರಾತ್ರಿ ಮಲಗುವ ಮುನ್ನ ಕುಂಟೆಯನ್ನು ಒಳಕ್ಕೆ ತಳ್ಳಿ, ಕೆಂಡದ ಮೇಲೆ ಬೂದಿ ಮುಚ್ಚಿದರೆ ಬೆಳಗ್ಗೆ ಐದಕ್ಕೆ ಕೈಗೆ ಹಿತವಾದ ಬಿಸಿನೀರು ಸಿದ್ಧವಾಗಿರುತ್ತದೆ. ಬೂದಿಯನ್ನು ಸರಿಸಿ ಊದುಕೊಳವೆಯಿಂದ ಎರಡು ಬಾರಿ ಊದಿದರೆ ಕೆಂಡ ಕಣ್ಣು ಬಿಡುತ್ತದೆ. ಹೊರಗೆ ಇನ್ನೂ ಕತ್ತಲೆ, ಹೆಂಚಿನ ಮೇಲೆ ಮಳೆಯ ಸದ್ದು, ಮುಖಕ್ಕೆ ಒಲೆಯ ಕಾವು, ಕಾಲಬುಡದಲ್ಲಿ ಬೆಚ್ಚಗೆ ಮುದುರಿಕೊಂಡ ಬೆಕ್ಕು. ಆ ಅರ್ಧ ಗಂಟೆಯಲ್ಲಿ ನಾನು ಯಾವ ಯೋಚನೆಯನ್ನೂ ಮಾಡುವುದಿಲ್ಲ. ಸ್ನಾನದ ಸುಖ ಮೈಮೇಲೆ ನೀರು ಬೀಳುವಾಗ ಆರಂಭವಾಗುತ್ತದೆಂದು ನಾನು ಮೊದಲು ತಿಳಿದಿದ್ದೆ. ಒಲೆಯ ಮುಂದೆ ಕುಕ್ಕರುಗಾಲಿನಲ್ಲಿ ಕೂರುವುದನ್ನು ರೂಢಿ ಮಾಡಿಕೊಂಡ ಮೇಲೆ, ಸಿದ್ಧತೆಯ ಒಂದೊಂದು ಹಂತವೂ ಆ ಸುಖದ ಭಾಗವೇ ಎಂಬುದು ನನಗೆ ಮನದಟ್ಟಾಯಿತು.

ಶನಿವಾರ ಎಣ್ಣೆಸ್ನಾನ. ಗಂಡಸರಿಗೆ ಶನಿವಾರ, ಹೆಂಗಸರಿಗೆ ಶುಕ್ರವಾರ ಎಂಬ ಹಳೆಯ ಕ್ರಮವನ್ನೇ ನಾವು ಇಟ್ಟುಕೊಂಡಿದ್ದೇವೆ. ತಲೆಗೆ ಕೊಬ್ಬರಿ ಎಣ್ಣೆ, ಮೈಗೆ ಎಳ್ಳೆಣ್ಣೆ. ಬಟ್ಟಲನ್ನು ಬಿಸಿನೀರಿನಲ್ಲಿ ಇಟ್ಟು ಎಣ್ಣೆಯನ್ನು ಉಗುರುಬೆಚ್ಚಗೆ ಮಾಡಿಕೊಳ್ಳಬೇಕು, ನೇರ ಉರಿಯ ಮೇಲಿಟ್ಟರೆ ಹದ ತಪ್ಪುತ್ತದೆ. ಅಪ್ಪಯ್ಯ ಮಣೆಯ ಮೇಲೆ ಕುಳಿತು, ಬೆರಳಿನಿಂದ ನೆಲದ ಮೇಲೆ ಏಳು ಬೊಟ್ಟು ಎಣ್ಣೆ ಇಟ್ಟು, ಅಶ್ವತ್ಥಾಮ, ಬಲಿ, ವ್ಯಾಸ, ಹನುಮಂತ, ವಿಭೀಷಣ, ಕೃಪ, ಪರಶುರಾಮ ಎಂದು ಚಿರಂಜೀವಿಗಳನ್ನು ನೆನೆಯುತ್ತಾರೆ. ಆಮೇಲೆ ನಾನು ಅವರ ನೆತ್ತಿಗೆ ಒಂದು ಅಂಗೈ ಎಣ್ಣೆ ಹಾಕಿ ತಟ್ಟುತ್ತೇನೆ.

ಮೊದಲ ಸಲ ಅವರ ಬೆನ್ನಿಗೆ ಎಣ್ಣೆ ಹಚ್ಚಿದ ದಿನ ನನಗೆ ಚೆನ್ನಾಗಿ ನೆನಪಿದೆ. ಬಲ ಹೆಗಲ ಮೇಲೆ, ಅಡಿಕೆ ಗೊನೆಗಳನ್ನು ಹೊತ್ತು ಹೊತ್ತು ದಡ್ಡುಗಟ್ಟಿದ ಚರ್ಮವಿತ್ತು. ಒಂದೇ ಮನೆಯಲ್ಲಿ ಬೆಳೆದ ನಾನು ಅದನ್ನು ಅಷ್ಟು ಹತ್ತಿರದಿಂದ ಅಂದಿನವರೆಗೆ ನೋಡಿರಲಿಲ್ಲ. ನನ್ನ ಹೆಬ್ಬೆರಳು ಅಲ್ಲಿ ನಿಂತಿತು. ಅವರು ಏನನ್ನೂ ವಿವರಿಸದೆ, “ಇನ್ನೂ ಸ್ವಲ್ಪ ಕೆಳಗೆ ತಿಕ್ಕು” ಎಂದರು. ಬೆನ್ನುಹುರಿಯ ಎರಡೂ ಬದಿಗೆ ಅಂಗೈಯನ್ನು ಒತ್ತಿ ಮೇಲಿನಿಂದ ಕೆಳಕ್ಕೆ ಎಳೆದಾಗ ಅವರ ಬಾಯಿಂದ ಹೊರಟ ನಿಡಿದಾದ ಉಸಿರು, ಹಿತವಾಯಿತು ಎಂಬುದನ್ನು ಮಾತಿಗಿಂತ ಸ್ಪಷ್ಟವಾಗಿ ತಿಳಿಸಿತು. ತಂದೆಯನ್ನು ಮುಟ್ಟಿ ಮಾತಾಡಿಸುವ ರೂಢಿ ನಮ್ಮ ಮನೆಗಳಲ್ಲಿಲ್ಲ. ಎಣ್ಣೆಯ ನೆಪ ಇಲ್ಲದಿದ್ದರೆ ನನಗೆ ಆ ಅವಕಾಶ ಎಂದೂ ದೊರೆಯುತ್ತಿರಲಿಲ್ಲ ಎಂದು ನಾನು ನಂಬಿದ್ದೇನೆ.

ಎಣ್ಣೆ ಹಚ್ಚಿದ ಮೇಲೆ ಅರ್ಧ ಗಂಟೆ ಬಿಡುತ್ತೇವೆ. ಎಣ್ಣೆ ಜಾರಿಸಿ ಬಿದ್ದವರ ಕಥೆಗಳು ಪ್ರತಿ ಊರಿನಲ್ಲಿಯೂ ಇರುವುದರಿಂದ ಬಚ್ಚಲಿನಲ್ಲಿ ಒರಟು ಕಲ್ಲು ಹಾಕಿಸಿದ್ದೇನೆ, ಗೋಡೆಗೆ ಹಿಡಿಕೆ ಇಡಿಸಿದ್ದೇನೆ. ಎಣ್ಣೆ ತೆಗೆಯಲು ಸೀಗೆಪುಡಿ. ಒಂದು ಕಿಲೋ ಸೀಗೆಕಾಯಿಗೆ ಕಾಲು ಕಿಲೋ ಹೆಸರುಕಾಳು, 100 ಗ್ರಾಂ ಮೆಂತ್ಯ ಸೇರಿಸಿ ಬಿಸಿಲಿಗೆ ಗಲಗಲ ಎನ್ನುವಂತೆ ಒಣಗಿಸಿ ಗಿರಣಿಯಲ್ಲಿ ಪುಡಿ ಮಾಡಿಸುತ್ತೇವೆ. ಸೀಗೆಯಲ್ಲಿರುವ ಸಪೋನಿನ್ ಎಂಬ ಅಂಶ ಸಾಬೂನಿನಂತೆ ನೊರೆ ಕೊಟ್ಟು ಎಣ್ಣೆಯನ್ನು ಬಿಡಿಸುತ್ತದೆ. ಮಳೆಗಾಲದಲ್ಲಿ ಪುಡಿ ಥಂಡಿ ಹಿಡಿಯುವುದರಿಂದ ಆಗ ಅಮ್ಮ ದಾಸವಾಳದ ಸೊಪ್ಪನ್ನು ನೀರಿನಲ್ಲಿ ಕಿವುಚಿ ಗೊಂಪು ಮಾಡಿಕೊಡುತ್ತಾರೆ. ತಲೆಗೆ ತಂಪಾಗಿ ಲೋಳೆಲೋಳೆಯಾಗಿ ಇಳಿಯುವ ಆ ಗೊಂಪು ಸೀಗೆಗಿಂತ ನನಗೆ ಹೆಚ್ಚು ಇಷ್ಟ. ಬಳಿಕ ಬಾನಿಯಲ್ಲಿ ಹದವಾಗಿ ಬೆರೆಸಿದ ನೀರನ್ನು ಒಂದೊಂದೇ ತಂಬಿಗೆ ತೋಡಿ ಹುಯ್ದುಕೊಳ್ಳುವುದು. ಷವರಿನ ನೀರು ಒಂದೇ ಸಮನೆ ಬೀಳುತ್ತದೆ. ತಂಬಿಗೆಯ ನೀರು ಒಮ್ಮೆಗೇ ನೆತ್ತಿಯಿಂದ ಬೆನ್ನಿಗೆ, ಬೆನ್ನಿನಿಂದ ಹಿಮ್ಮಡಿಗೆ ಇಳಿದು, ಮುಂದಿನ ತಂಬಿಗೆ ಬರುವವರೆಗೆ ಮೈಯನ್ನು ಕ್ಷಣಕಾಲ ಚಳಿಗೆ ಬಿಡುತ್ತದೆ. ಬಿಸಿ ಎಷ್ಟು ಹಿತ ಎಂಬುದು ಆ ನಡುವಿನ ಚಳಿಯಿಂದಲೇ ತಿಳಿಯುತ್ತದೆ.

ವರ್ಷಕ್ಕೊಮ್ಮೆ ಹಂಡೆಗೇ ಹಬ್ಬ. ನರಕ ಚತುರ್ದಶಿಯ ಹಿಂದಿನ ಸಂಜೆ, ನೀರು ತುಂಬುವ ಹಬ್ಬದಂದು, ಬಚ್ಚಲುಮನೆಯನ್ನು ತೊಳೆದು ಹಂಡೆಗೆ ಸುಣ್ಣ, ಕೆಮ್ಮಣ್ಣಿನ ಗೆರೆಗಳನ್ನು ಬರೆದು, ಅದರ ಕೊರಳಿಗೆ ಹಿಂಡಲೆಕಾಯಿಯ ಬಳ್ಳಿಯನ್ನು ಸುತ್ತಿ, ಹೊಸ ನೀರು ತುಂಬಿ ಪೂಜೆ ಮಾಡುತ್ತೇವೆ. ಬೇಲಿಯ ಮೇಲೆ ಈ ಬಳ್ಳಿಯನ್ನು ಹುಡುಕಿಕೊಂಡು ಹೋಗುವುದು ಮಕ್ಕಳ ಕೆಲಸ. ಈಗ ಊರಿನಲ್ಲಿ ಮಕ್ಕಳೇ ಕಡಿಮೆಯಾದ್ದರಿಂದ ನಾನೇ ಹೋಗುತ್ತೇನೆ.

ಕಳೆದ ದೀಪಾವಳಿಗೆ ಮಗಳು ಪುಣೆಯಿಂದ ಬಂದಿದ್ದಳು. ನಸುಕಿನಲ್ಲಿ ಅಮ್ಮ ಅವಳನ್ನು ಕೂರಿಸಿಕೊಂಡು ತಲೆಗೆ ಎಣ್ಣೆ ಒತ್ತಿದರು. ಬಚ್ಚಲಿಗೆ ಹೋದವಳು ಮುಕ್ಕಾಲು ಗಂಟೆಯಾದರೂ ಹೊರಗೆ ಬರಲಿಲ್ಲ. “ಸಾಕು ಬಾರೇ, ಅಜ್ಜನೂ ಮೀಯಬೇಕು” ಎಂದು ಅಮ್ಮ ಕೂಗಿದರು. ಕಿವಿಯ ತುದಿಗಳು ಕೆಂಪೇರಿ, ಕೂದಲಿನಿಂದ ಹಬೆ ಏಳುತ್ತಿದ್ದ ಹಾಗೆಯೇ ಅವಳು ಹೊರಬಂದಳು. ಹಂಡೆಯಿಂದ ಎಷ್ಟು ಬಿಸಿನೀರು ತೆಗೆದೆವೋ ಅಷ್ಟು ತಣ್ಣೀರನ್ನು ಮುಂದಿನವರಿಗಾಗಿ ತುಂಬಿಟ್ಟು ಬರಬೇಕು ಎಂಬುದು ನಮ್ಮ ಮನೆಯ ಹಳೆಯ ನಿಯಮ. ಅದನ್ನು ಅವಳಿಗೆ ನಾನು ಎಂದೂ ಹೇಳಿಕೊಟ್ಟಿರಲಿಲ್ಲ. ತಲೆಗೆ ಟವೆಲ್ ಸುತ್ತಿಕೊಂಡವಳು ಬಾವಿಕಟ್ಟೆಗೆ ಹೋಗಿ ಎರಡು ಕೊಡ ನೀರು ಸೇದಿ ತಂದು ಹಂಡೆಗೆ ಹುಯ್ದು, ಒಲೆಯ ಮುಂದೆ ಬಗ್ಗಿ ಕುಂಟೆಯನ್ನು ಒಂದಿಷ್ಟು ಒಳಕ್ಕೆ ತಳ್ಳಿ, “ಅಜ್ಜ, ಹತ್ತು ನಿಮಿಷ ತಡೆಯಿರಿ, ಕಾಯುತ್ತದೆ” ಎಂದಳು.