ಗಿರ್ಮಿಟ್ ಗಾಡಿಯ ಬಾಗಿಲ ತೋಳು ಜಾರಿದ್ರ

ಹುಬ್ಬಳ್ಳಿ ದುರ್ಗದಬೈಲ್‌ನ್ಯಾಗ ಹಳೇ ವ್ಯಾನ್ ನಿಲ್ಲಿಸಿ ಗಿರ್ಮಿಟ್, ಮಿರ್ಚಿ ಮಾರತೀನಿ. ಮಗ್ಗಲಿನ ಬಾಗಿಲ ಮ್ಯಾಲೆ ಎತ್ತಿದ್ರ ಎರಡು ಕಬ್ಬಿಣದ ತೋಳು ಅದನ್ನ ಹಿಡೀತಾವ. ಹೋದ ಮಳೆಗಾಲದಾಗ ಎಡಗಡೆ ಲಾಕ್ ಜಾರಿ ಬಾಗಿಲ ನನ್ನ ಹೆಗಲ ಮ್ಯಾಲೇ ಬಿತ್ತು. ಮಿರ್ಚಿ ಬುಟ್ಟಿ ಉಳೀತು, ಅದೊಂದ ಪುಣ್ಯಾ.

ಮೊದಲ ಬಾಗಿಲಿಗೆ ಊರುಗೋಲು ಕೊಡ್ರಿ. ಒಂದಲ್ಲ, ಎರಡು. ತೋಳು ಬಿಚ್ಚಿದ ಕೂಡಲೇ ಎಲ್ಲಾ ಭಾರ ಆ ಊರುಗೋಲುಗಳ ಮ್ಯಾಲೆ ಬೀಳತೈತಿ. ಜಂಗು ಹಿಡಿದ ಬೋಲ್ಟ್‌ಗೆ ಸುತ್ತಿಗಿ ಎತ್ತಬ್ಯಾಡ್ರಿ; ಜಂಗು ಬಿಡಿಸೋ ಎಣ್ಣಿ ಹೊಡದು ರಾತ್ರಿ ಇಡೀ ಬಿಡ್ರಿ. ನಮ್ಮದು 8 ಎಂಎಂ ಬೋಲ್ಟ್, 13ರ ಪಾನಾ ಕೂಡತೈತಿ.

ಬಿಚ್ಚಿದ ಮ್ಯಾಲೆ ತೋಳಿನ್ಯಾಗ ಬೋಲ್ಟ್ ಕೂಡೋ ತೂತು ನೋಡ್ರಿ. ರೋಗ ಇರೂದ ಅಲ್ಲೆ. ಗುಂಡಗಿದ್ದದ್ದು ತತ್ತಿ ಆಕಾರ ಆಗಿದ್ರ ಹೊಸ ಬೋಲ್ಟ್ ಹಾಕಿದ್ರೂ ತೋಳು ಅಲ್ಲಾಡತೈತಿ. ತೂತು ದೊಡ್ಡದು ಮಾಡಿ ದಪ್ಪ ಬೋಲ್ಟ್ ತುರಕಿದ್ರ ತೋಳಿನ ಪಟ್ಟಿಗೆ ಬಲ ಉಳಿಯೂದಿಲ್ಲ. ನಾ ಗೋಕುಲ ರೋಡ್ ಕಡೆ ಲೇಥ್‌ನವರ ಹತ್ರ ಬುಶ್ (ತೂತಿನೊಳಗ ಕೂಡೋ ಸಣ್ಣ ಕೊಳವಿ) ಕೂಡಿಸಿದೆ. ಲಾಕಿನ ಪಿನ್ ಒತ್ತಿ ಬಿಟ್ರ ಚಟ್ ಅಂತ ಹೊರಗ ಬರಬೇಕು. ಬರಲಿಲ್ಲಂದ್ರ ಸ್ಪ್ರಿಂಗ್ ಬದಲಿಸ್ರಿ.

ನೈಲಾನ್ ನಟ್ (ಒಳಗ ನೈಲಾನ್ ಬಳಿ ಇದ್ದು ಸಡಿಲಾಗದ ನಟ್) ಹೊಸದೇ ಹಾಕ್ರಿ, ತೋಳು ತಿರುಗುವಷ್ಟ ಬಿಗೀರಿ. ಎಣ್ಣಿ ಕಾಯಿಸೂಕಿಂತ ಮೊದಲ ಬಾಗಿಲ ಹತ್ತು ಸಲ ಎತ್ತಿ ಇಳಿಸಿ ನೋಡ್ರಿ.