ಹಸೆ ಚಿತ್ತಾರ: ಮೊದಲು ಎಳೆ, ಆಮೇಲೆ ಗೊಂಬೆ

ಶಿರಸಿಯ ನಮ್ಮ ಬಾಡಿಗೆ ಮನೆ ಜಗಲಿಯಲ್ಲಿ ಒಂದು ಚಿತ್ತಾರದ ಹಲಗೆ ಇದೆ. ಬಂದವರೆಲ್ಲ ಕೇಳುವುದು ಒಂದೇ, "ವಾರ್ಲಿ ಅಲ್ವಾ?" ಅಲ್ಲ. ವಾರ್ಲಿ ಮಹಾರಾಷ್ಟ್ರದ್ದು. ಅದರಲ್ಲಿ ಜನ, ಮರ, ದನ ಎಲ್ಲ ಗೋಡೆ ತುಂಬ ಓಡಾಡುತ್ತವೆ. ನಮ್ಮ ಮಲೆನಾಡಿನ ದೀವರ ಸಮುದಾಯದ ಹೆಂಗಸರು ಬರೆಯುವ ಹಸೆ ಚಿತ್ತಾರದಲ್ಲಿ ಎಳೆಯದೇ, ಅಂದರೆ ಗೆರೆಯದೇ ಕಾರುಬಾರು. ಮದುಮಕ್ಕಳ ಗೊಂಬೆ ಇದ್ದರೂ ಎಳೆಗಳ ಚೌಕಟ್ಟಿನ ಒಳಗೆ, ಕಣ್ಣು ಮೂಗು ಇಲ್ಲದೆ.

ನನಗೆ ಕಲಿಸಿದ್ದು ಸಿದ್ದಾಪುರ ಕಡೆಯ ನನ್ನ ಅಜ್ಜಿ. ಮದುವೆ ಮನೆಯ ಹಸೆಗೋಡೆ, ಅಂದರೆ ಮದುಮಕ್ಕಳು ಕೂರುವ ಹಸೆಯ ಹಿಂದಿನ ಗೋಡೆ, ಬರೆಯಲು ಅವಳನ್ನು ಕರೆಯುತ್ತಿದ್ದರು. ನಿಮಗೆ ಗೋಡೆ ಬೇಡ, ಎರಡು ಅಡಿಯ ಪ್ಲೈವುಡ್ ಸಾಕು.

ಬಣ್ಣ ನಾಲ್ಕೇ. ಕೆಮ್ಮಣ್ಣನ್ನು ನೀರಲ್ಲಿ ಕದಡಿ, ಬಟ್ಟೆಯಲ್ಲಿ ಸೋಸಿ, ಹಲಗೆಗೆ ಎರಡು ಸಲ ಬಳಿಯಿರಿ. ಮೊದಲನೆಯದು ಪೂರ್ತಿ ಒಣಗಿದ ಮೇಲೇ ಎರಡನೆಯದು. ಬಿಳಿಗೆ, ರಾತ್ರಿ ನೆನೆಸಿದ ಅಕ್ಕಿಯನ್ನು ನುಣ್ಣಗೆ ರುಬ್ಬಿ. ದೋಸೆ ಹಿಟ್ಟಿಗಿಂತ ತೆಳು, ಮಜ್ಜಿಗೆಗಿಂತ ದಪ್ಪ. ನಾನು ಮೊದಲ ಸಲ ನೀರು ಜಾಸ್ತಿ ಮಾಡಿ, ಎಳೆಗಳೆಲ್ಲ ಕಣ್ಣೀರಿನ ಹಾಗೆ ಕೆಳಗೆ ಇಳಿದಿದ್ದವು. ಕಪ್ಪಿಗೂ ಅಕ್ಕಿಯೇ. ಕಬ್ಬಿಣದ ಬಾಣಲೆಯಲ್ಲಿ ಕರಿ ಆಗುವವರೆಗೆ ಹುರಿದು, ನೆನೆಸಿ ಅರೆಯಬೇಕು. ಕಿಟಕಿ ತೆಗೆದಿಡಿ, ಹೊಗೆ ಮನೆ ತುಂಬುತ್ತದೆ. ಹಳದಿಗೆ ಗುರಿಗೆ ಅನ್ನುವ ಕಾಡುಮರದ ಕಾಯಿ. ಸಿಕ್ಕದಿದ್ದರೆ ಹಳದಿ ಬಿಟ್ಟೇ ಬರೆಯಿರಿ. ಪೇಟೆಯ ಡಬ್ಬಿ ಬಣ್ಣ ಮಾತ್ರ ಬೇಡ, ಮಣ್ಣಿನ ಪಕ್ಕ ಅದು ಕಣ್ಣಿಗೆ ಹೊಡೆಯುತ್ತದೆ.

ಕುಂಚ ಪುಂಡಿ ಗಿಡದ ನಾರಿನದು. ಬೆರಳುದ್ದ ಕತ್ತರಿಸಿ, ತುದಿಯನ್ನು ಜಜ್ಜಿ ಬಿಡಿಸಿಕೊಳ್ಳಿ. ಅಂಗಡಿಯ ಬ್ರಷ್ ಒತ್ತಿದಷ್ಟೂ ಅಗಲವಾಗುತ್ತದೆ. ನಾರು ಹಾಗಲ್ಲ, ಮೊದಲಿಂದ ಕೊನೆವರೆಗೂ ಒಂದೇ ದಪ್ಪ.

ಈಗ ಎಳೆ. ನಾನು ಹಲಗೆಯ ಅಂಚಿಂದ ಅಂಚಿಗೆ ಹತ್ತಿ ದಾರ ಬಿಗಿದು ಕಟ್ಟಿ, ಅದರ ಗುಂಟ ಎಳೆಯುತ್ತೇನೆ. ಅಜ್ಜಿಗೆ ದಾರ ಬೇಕಿರಲಿಲ್ಲ. ಉಸಿರು ಹಿಡಿದು ಮೊಣಕೈಯಿಂದ ಎಳೆಯುತ್ತಿದ್ದಳು. "ಬೆರಳಲ್ಲಿ ಎಳೀಬೇಡ, ಬೆರಳು ನಡುಗ್ತದೆ" ಅನ್ನುವಳು. ಮೊದಲು ಹೊರಗಿನ ಚೌಕ, ಅದರೊಳಗೆ ಇನ್ನೊಂದು. ನಡುವಿನ ಜಾಗಕ್ಕೆ ಅಡ್ಡೆಳೆ, ಓರೆ ಎಳೆ ಹಾಕುತ್ತಾ ಹೋದರೆ ನಿಲಿ, ಏಣಿ, ಜೋಗಿ ಜಡೆ ಅನ್ನುವ ವಿನ್ಯಾಸಗಳು ತಾವಾಗೇ ಮೂಡುತ್ತವೆ. ತಪ್ಪಿದರೆ ಉಜ್ಜಬೇಡಿ. ಒಣಗಲು ಬಿಟ್ಟು, ಮೇಲೆ ಕೆಮ್ಮಣ್ಣು ಮುಟ್ಟಿಸಿ. ಮದುಮಕ್ಕಳು ಕಡೆಗೆ, ನಡುವಿನಲ್ಲಿ.

ಮಳೆಗಾಲದಲ್ಲಿ ಶುರು ಮಾಡಬೇಡಿ. ಒಂದು ಆಷಾಢದಲ್ಲಿ ಬರೆದ ನನ್ನ ಹಲಗೆಗೆ ಹದಿನೈದೇ ದಿನದಲ್ಲಿ ಬೂಸ್ಟು ಬಂತು, ಉಳಿದದ್ದನ್ನು ಜಿರಲೆ ನೆಕ್ಕಿತು. ಅಕ್ಕಿ ಹಿಟ್ಟಲ್ವಾ! ನವರಾತ್ರಿ ಹೊತ್ತಿಗೆ ಕೂತರೆ ಚೆನ್ನ. ನವರಾತ್ರಿ ಕಳೆದು ಬರುವ ಹುಣ್ಣಿಮೆಗೆ ನಮ್ಮಲ್ಲಿ ಭೂಮಿತಾಯಿಯನ್ನು ಪೂಜಿಸುವ ಭೂಮಿ ಹುಣ್ಣಿಮೆ ಹಬ್ಬ, ಅದರ ಬುಟ್ಟಿಗೆ ಚಿತ್ತಾರ ಬರೆಯುವುದೂ ಆಗಲೇ. ಬಿದಿರ ಬುಟ್ಟಿಗೆ ಸಗಣಿ ಸಾರಿಸಿ, ಕೆಮ್ಮಣ್ಣು ಬಳಿದು, ಇದೇ ಬಿಳಿಯಲ್ಲಿ ಬರೆಯುತ್ತಾರೆ. ಹುಣ್ಣಿಮೆ ದಿನ ಬೆಳಗಾಗುವ ಮೊದಲೇ ಎಡೆ ತುಂಬಿಕೊಂಡು ಅದು ಗದ್ದೆಗೆ ಹೋಗುತ್ತದೆ. ನಿಮಗೂ ಆಸೆಯಾದರೆ ಹಲಗೆ ಮೇಲೆ ನಾಲ್ಕಾರು ಸಲ ಕೈ ಕೂತ ಮೇಲೆ ಬುಟ್ಟಿ ಹಿಡಿಯಿರಿ. ಬಾಗಿದ ಮೈಮೇಲೆ ದಾರ ಕಟ್ಟಲಾಗುವುದಿಲ್ಲ.